ಹಿಮದೂರಿನಲ್ಲಿ ಬೋಧನಾಭ್ಯಾಸ

ಟ್ರೈನಿಂಗ್ ಕಾಲದ ಬೋಧನಾಭ್ಯಾಸವನ್ನು ನೆನೆದರೆ ನಮ್ಮಲ್ಲಿ ಹಲವರಿಗೆ ಇಂದಿಗೂ ಅಂಗೈ ಬೆವರುವುದುಂಟು. ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕುಳಿತಿರುವರು. ಮೇಜಿನ ಮೇಲೆ ಪಾಠಟಿಪ್ಪಣಿ. ಮಕ್ಕಳು ಉತ್ತರ ಹೇಳಿದರೆ ಬದುಕಿದೆವು. ಹಿಮ ಮುಸುಕಿದ ಒಂದು ಊರಿನಲ್ಲಿ ಇದೇ ಅಭ್ಯಾಸ ಹೇಗೆ ನಡೆಯುವುದೆಂಬುದನ್ನು ಅಧ್ಯಾಪಕ ಬಂಧುಗಳ ಮುಂದಿಡಲು ಬಯಸುತ್ತೇನೆ.

ಊರು ಇಗ್ಲೂಲಿಕ್. ಕೆನಡಾ ದೇಶದ ಉತ್ತರದಲ್ಲಿ, 1999ರ ಏಪ್ರಿಲ್ 1ರಂದು ಬೇರೆಯಾಗಿ ರೂಪುಗೊಂಡ ನೂನವುತ್ ಪ್ರದೇಶಕ್ಕೆ ಸೇರಿದ ಒಂದು ದ್ವೀಪಗ್ರಾಮ. ಜನಸಂಖ್ಯೆ ಸುಮಾರು 2,000. ಬಹುತೇಕ ಎಲ್ಲರೂ ಇನುಯಿತ್ ಜನರು. ನೂನವುತ್‌ನ 25 ಊರುಗಳನ್ನು ಒಂದಕ್ಕೊಂದು ಕೂಡಿಸುವ ರಸ್ತೆಯಿಲ್ಲ. ವಿಮಾನವೇ ಅಲ್ಲಿಯ ಬಸ್ಸು. ಬೇಸಗೆಯಲ್ಲಿ ಕಡಲ ಮಂಜುಗಡ್ಡೆ ಒಡೆದಾಗ ಹಡಗು ಬರುವುದು. ವರ್ಷದ ಭಾರಿ ಸಾಮಾನೆಲ್ಲ ಅದರಲ್ಲಿಯೇ ಬರಬೇಕು.

ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಅಲ್ಲಿ ಜನವರಿಯ ನಡುವಿನವರೆಗೆ ಮೂಡುವುದಿಲ್ಲ. ಶಿಕ್ಷಣಾರ್ಥಿ ಶಾಲೆಗೆ ಹೊರಡುವುದು ಕತ್ತಲೆಯಲ್ಲಿ, ಮರಳುವುದೂ ಕತ್ತಲೆಯಲ್ಲಿ. ನಡುಹಗಲು ದಕ್ಷಿಣ ದಿಗಂತದಲ್ಲಿ ಸ್ವಲ್ಪ ನಸುಬೆಳಕು. ಶೀತ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದು ಸಾಮಾನ್ಯ. ನೀರನ್ನು ಲಾರಿ ತಂದು ಮನೆಯ ತೊಟ್ಟಿಗೆ ತುಂಬಿ ಹೋಗುತ್ತದೆ. ನಮ್ಮಲ್ಲಿ ಜಡಿಮಳೆಗೆ ರಜೆ ಕೊಡುವಂತೆ ಅಲ್ಲಿ ಹಿಮಗಾಳಿಗೆ ಶಾಲೆ ಮುಚ್ಚುತ್ತಾರೆ. ತೆರೆದಿದ್ದ ದಿನ ಚಿಕ್ಕ ಮಕ್ಕಳ ಬೂಟು, ಕೈಚೀಲ, ದಪ್ಪ ನಿಲುವಂಗಿಗಳನ್ನು ಕಳಚಿಸುವುದೇ ಮೊದಲ ಕೆಲಸ. ಇದಕ್ಕೆ ತಗಲುವ ಹೊತ್ತನ್ನು ಪಾಠಟಿಪ್ಪಣಿಯಲ್ಲಿ ಹಿಡಿಯದವರ ಪಾಠ ಮುಗಿದಂತೆಯೇ.

ಇಷ್ಟೆಲ್ಲ ದೇಹದ ಕಷ್ಟ. ನಿಜವಾದ ಪರೀಕ್ಷೆ ತರಗತಿಯೊಳಗೆ. ಮಗು ಉತ್ತರ ಕೊಡದಿದ್ದರೆ ಪ್ರಶ್ನೆಯನ್ನು ಒಡೆದು ಮತ್ತೆ ಕೇಳಬೇಕೆಂದು ನಮಗೆ ಕಲಿಸಿದ್ದರು. ದಕ್ಷಿಣದ ನಗರಗಳಿಂದ ಬಂದ ಶಿಕ್ಷಣಾರ್ಥಿಯೂ ಹಾಗೆಯೇ ಒಂದು ಸಲ, ಎರಡು ಸಲ ಕೇಳುತ್ತಾನೆ. ಮಗು ತುಟಿ ಬಿಚ್ಚುವುದಿಲ್ಲ. ಆದರೆ ಅದು ಆಗಲೇ ಉತ್ತರ ಕೊಟ್ಟಾಗಿದೆ! ಹುಬ್ಬೇರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಅಲ್ಲ. ಇದನ್ನು ತಿಳಿಯದವನು ಮಕ್ಕಳನ್ನು ಮಂದರೆಂದು ಬರೆದುಕೊಂಡಾನು. ಮಕ್ಕಳು ನೋಡಿ, ಮಾಡಿ, ಬಲ್ಲವರ ಜೊತೆಗಿದ್ದು ಕಲಿಯುವುದನ್ನು ಇನುಯಿತರು ‘ಪಿಲಿಮ್ಮಕ್ಸರ್ನಿಕ್’ ಎನ್ನುವರು. ಅಲ್ಲಿಯ ಶಿಕ್ಷಣತತ್ತ್ವಗಳಲ್ಲಿ ಅದೂ ಒಂದು.

ಅವರ ಭಾಷೆ ಇನುಕ್ತಿತುತ್. ಅದರ ಲಿಪಿಯನ್ನು ನೋಡಿದ ಕನ್ನಡ ಅಧ್ಯಾಪಕನಿಗೆ ಕಾಗುಣಿತ ನೆನಪಾಗದಿರದು. ಮೂಲೆ ಮೇಲಕ್ಕಿರುವ ಕೋನ ‘ಪಿ’. ಅದೇ ಮೂಲೆ ಬಲಕ್ಕೆ ತಿರುಗಿದರೆ ‘ಪು’, ಎಡಕ್ಕೆ ತಿರುಗಿದರೆ ‘ಪ’. ಮೇಲೊಂದು ಚುಕ್ಕೆಯಿಟ್ಟರೆ ದೀರ್ಘ. ಜೇಮ್ಸ್ ಇವಾನ್ಸ್ ಎಂಬ ಪಾದ್ರಿಗಳು 1840ರಲ್ಲಿ ಕ್ರೀ ಜನರಿಗಾಗಿ ರಚಿಸಿದ ಲಿಪಿಯಿಂದ ಇದು ಬಂದಿತು. ಅವರಿಗೆ ನಾಗರೀ ಲಿಪಿಯ ಪ್ರೇರಣೆಯೂ ಇತ್ತೆಂದು ಹೇಳುವ ವಿದ್ವಾಂಸರುಂಟು.

ಆ ಊರಿನ ಅಜ್ಜ ಅಜ್ಜಿಯರು ಶಾಲೆಯನ್ನು ಎಚ್ಚರದ ಕಣ್ಣಿನಿಂದ ನೋಡುವುದಕ್ಕೆ ಕಾರಣವಿದೆ. 1955ರಿಂದ 1969ರವರೆಗೆ ಇಗ್ಲೂಲಿಕ್ ಕಡೆಯ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ದೂರದ ಚೆಸ್ಟರ್‌ಫೀಲ್ಡ್ ಇನ್ಲೆಟ್‌ನ ವಸತಿಶಾಲೆಗೆ ಒಯ್ಯುತ್ತಿದ್ದರು. ಇಂಥ ಶಾಲೆಗಳಿಗಾಗಿ ಕೆನಡಾದ ಪ್ರಧಾನಿ 2008ರ ಜೂನ್ 11ರಂದು ಕ್ಷಮೆ ಕೇಳಿದರು.

ಅದೇ 2008ರಲ್ಲಿ ನೂನವುತ್ ತನ್ನ ಭಾಷಾರಕ್ಷಣೆಯ ಶಾಸನವನ್ನು ಮಾಡಿತು. ಮೂರನೆಯ ತರಗತಿಯವರೆಗೆ 2009ರಿಂದ, ಎಲ್ಲ ತರಗತಿಗಳಲ್ಲಿ 2019ರಿಂದ ತಾಯ್ನುಡಿಯಲ್ಲಿ ಕಲಿಯುವ ಹಕ್ಕೆಂದು ಅದು ಹೇಳಿತು. ಹಕ್ಕು ಕಾಗದದಲ್ಲಿ ಬಂದಿತು, ಅಧ್ಯಾಪಕರು ಸಾಕಷ್ಟು ಬರಲಿಲ್ಲ. ಸ್ಥಳೀಯರನ್ನೇ ತರಬೇತುಗೊಳಿಸುವ ಕೆಲಸ 1979ರಿಂದಲೂ ಇಕಾಲುಯಿತ್‌ನಲ್ಲಿ ನಡೆದಿದೆಯಾದರೂ ಸಂಖ್ಯೆ ಸಾಲದು. ಆದುದರಿಂದ ಮೇಲಿನ ತರಗತಿಗಳಲ್ಲಿ ಹೆಚ್ಚಾಗಿ ಇಂಗ್ಲಿಷೇ ಬೋಧನಭಾಷೆಯಾಗಿ ಉಳಿಯಿತು. ಕನ್ನಡ ಬಾರದವರು ಕನ್ನಡ ತರಗತಿಗೆ ನೇಮಕವಾಗಿ ಬಂದುದನ್ನು ಕಂಡಿರುವ ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನುಕ್ತಿತುತ್ ಬಲ್ಲ ಒಬ್ಬ ಶಿಕ್ಷಣಾರ್ಥಿನಿ ಆ ಕತ್ತಲೆಯ ಬೆಳಗಿನಲ್ಲಿ ಶಾಲೆಗೆ ನಡೆದುಹೋಗುವುದಕ್ಕೆ ಇರುವ ಬೆಲೆ ಅಲ್ಲಿದೆ.

2020ರಲ್ಲಿ ಕಾನೂನನ್ನು ತಿದ್ದಿ ಗಡುವನ್ನು 2039ಕ್ಕೆ ಮುಂದೂಡಿದರು. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಗು ಹನ್ನೆರಡನೆಯದನ್ನು ಮುಗಿಸುವುದು 2032ರಲ್ಲಿ.