ಕೋಟೆಯೊಳಗಿನ ಮನೆ

ಅಲ್ಬೇನಿಯಾ ಆಗ್ನೇಯ ಯೂರೋಪಿನ ಬೆಟ್ಟಗುಡ್ಡಗಳ ನಾಡು. ಅಲ್ಲಿನ ಕ್ರೂಯಾ ಕೋಟೆಯಲ್ಲಿ ಎರಡು ವಸ್ತುಸಂಗ್ರಹಾಲಯಗಳಿವೆ. 15ನೆಯ ಶತಮಾನದಲ್ಲಿ ಆಟೊಮನ್ ತುರ್ಕರನ್ನು ಎದುರಿಸಿದ ವೀರ ಸ್ಕ್ಯಾಂಡರ್‌ಬೆಗ್‌ನ ಸ್ಮಾರಕ ಮೊದಲನೆಯದು. ಸಿರಿವಂತರಾದ ತೋಪ್ತಾನಿ ಮನೆತನದವರು 1764ರಲ್ಲಿ ಕಟ್ಟಿಸಿದ ಮನೆ ಎರಡನೆಯದು. 1989ರಲ್ಲಿ ಅದು ಜನಪದ ಜೀವನದ ಸಂಗ್ರಹಾಲಯವಾಯಿತು.

ಈ ಮನೆಯ ಕೆಳ ಅಂತಸ್ತು ದುಡಿಮೆಯ ನೆಲೆ. ಆಲಿವ್ ಎಣ್ಣೆಯ ಗಾಣ, ಕಮ್ಮಾರನ ಸಲಕರಣೆಗಳು, ಉಣ್ಣೆಯ ಕೆಲಸದ ಉಪಕರಣಗಳು ಅಲ್ಲಿವೆ. ಬೇಕಾದುದನ್ನು ಬಹುಮಟ್ಟಿಗೆ ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತಿದ್ದರೆಂಬುದು ಇವುಗಳಿಂದ ತಿಳಿಯುತ್ತದೆ. ಮೇಲಂತಸ್ತಿನಲ್ಲಿ ವಾಸದ ಕೋಣೆಗಳೂ ಅತಿಥಿಗಳ ಕೋಣೆಯೂ ಇವೆ. ರೊಟ್ಟಿ, ಉಪ್ಪು, ಹೃದಯ ಈ ಮೂರನ್ನೂ ಅತಿಥಿಗೆ ಅರ್ಪಿಸಬೇಕೆಂಬುದು ಅಲ್ಬೇನಿಯನ್ನರ ನಾಣ್ಣುಡಿ. ಮೇಲಿನ ಆ ಔದಾರ್ಯಕ್ಕೆ ಕೆಳಗಿನ ಬೆವರೇ ಆಧಾರವಾಗಿತ್ತು.

ನಾಡನ್ನು ಕಾಯ್ದ ಖಡ್ಗದ ಕಥೆಯನ್ನು ಮೊದಲನೆಯದು ಹೇಳಿದರೆ, ನಾಡನ್ನು ಸಲಹಿದ ಕೈಗಳ ಕಥೆಯನ್ನು ಎರಡನೆಯದು ಹೇಳುತ್ತದೆ. ಎರಡನ್ನೂ ಅರಿಯದೆ ಚರಿತ್ರೆ ಪೂರ್ಣವಾಗದು.