ಗಂಧಕಧೂಮದ ಮಸೂದೆಯೂ ಸೆನೆಟರ್ ಬರ್ಡರ ವಿರೋಧವೂ

ಶಾಸನಸಭೆಗಳಲ್ಲಿ ಮಸೂದೆಗಳಿಗೆ ಬರುವ ವಿರೋಧವೆಲ್ಲವೂ ಒಂದೇ ಬಗೆಯದಲ್ಲ. ಮಸೂದೆಯೇ ಬೇಡವೆಂಬುದು ಒಂದು ಬಗೆ. ಅದರ ಭಾರವು ಯಾರ ಹೆಗಲ ಮೇಲೆ ಬೀಳುವುದೆಂದು ಕೇಳುವುದು ಮತ್ತೊಂದು ಬಗೆ. ಈ ಎರಡು ಬಗೆಗಳನ್ನೂ ಒಬ್ಬರಲ್ಲಿಯೇ ಕಾಣಬೇಕಾದರೆ, ಅಮೆರಿಕದ ಸೆನೆಟ್ ಸಭೆಯಲ್ಲಿ ವೆಸ್ಟ್ ವರ್ಜೀನಿಯ ಸಂಸ್ಥಾನದ ಪ್ರತಿನಿಧಿಗಳಾಗಿದ್ದ ರಾಬರ್ಟ್ ಬರ್ಡರ ಚರಿತ್ರೆಯನ್ನು ನೋಡಬಹುದು.

ಕಲ್ಲಿದ್ದಲಿನಲ್ಲಿ ಗಂಧಕವು ಅಡಗಿರುತ್ತದೆ. ವಿದ್ಯುದಾಗಾರಗಳಲ್ಲಿ ಅದು ಉರಿದಾಗ ಹೊರಡುವ ಗಂಧಕಧೂಮವು ಮೇಘಗಳಲ್ಲಿ ಬೆರೆತು, ಆಮ್ಲವೃಷ್ಟಿಯಾಗಿ ದೂರದ ಕೆರೆಗಳನ್ನೂ ಅರಣ್ಯಗಳನ್ನೂ ಕೆಡಿಸುವುದು. ಈ ಧೂಮವನ್ನು 1980ರ ಪ್ರಮಾಣಕ್ಕಿಂತ ವರ್ಷಕ್ಕೆ 1 ಕೋಟಿ ಟನ್ನುಗಳಷ್ಟು ತಗ್ಗಿಸಬೇಕೆಂದೂ, ಆ ಕಾರ್ಯವು 1995ರಲ್ಲಿ ಮತ್ತು 2000ದಲ್ಲಿ ಎರಡು ಘಟ್ಟಗಳಾಗಿ ಜಾರಿಗೆ ಬರಬೇಕೆಂದೂ 1990ರ ಮಸೂದೆಯು ವಿಧಿಸಿತು. ಧೂಮವನ್ನು ತೊಳೆಯುವ ಯಂತ್ರಗಳಿಗೆ ವೆಚ್ಚವು ಹೆಚ್ಚು. ವಯೋಮಿಂಗ್ ಮುಂತಾದೆಡೆಯ ಅಲ್ಪಗಂಧಕದ ಕಲ್ಲಿದ್ದಲನ್ನು ತರಿಸುವುದು ಅನೇಕ ಆಗಾರಗಳಿಗೆ ಸುಲಭ. ಹಾಗಾದರೆ ವೆಸ್ಟ್ ವರ್ಜೀನಿಯದ ಉತ್ತರಭಾಗದ ಗಂಧಕಾಧಿಕ ಗಣಿಗಳ ಗತಿಯೇನು?

ಬರ್ಡರು ಗಣಿಕಾರ್ಮಿಕನೊಬ್ಬನ ಮನೆಯಲ್ಲಿ ಸಾಕುಮಗನಾಗಿ ಬೆಳೆದವರು. ಬಹುಮತಪಕ್ಷದ ನಾಯಕರಾಗಿದ್ದಷ್ಟು ಕಾಲವೂ ಅವರು ಇಂತಹ ಮಸೂದೆಗಳು ಸಭೆಯ ಮುಂದೆ ಬಾರದಂತೆ ತಡೆದರು. 1989ರಲ್ಲಿ ಆ ಸ್ಥಾನವು ಮೇಯ್ನ್ ಸಂಸ್ಥಾನದ ಜಾರ್ಜ್ ಮಿಚೆಲರಿಗೆ ಬಂದಿತು. ಅವರು ಆಮ್ಲವೃಷ್ಟಿಯ ನಿವಾರಣೆಗಾಗಿ ಬಹುಕಾಲ ಶ್ರಮಿಸಿದವರು. ತಡೆಯುವ ಅಧಿಕಾರವು ಕೈತಪ್ಪಿದ ಮೇಲೆ ಬರ್ಡರ ವಾದವು ರೂಪಾಂತರವನ್ನು ಹೊಂದಿತು. ಕಾಯಿದೆಯಿಂದ ಕೆಲಸ ಕಳೆದುಕೊಳ್ಳುವ ಗಣಿಕಾರ್ಮಿಕರಿಗೆ ಪರಿಹಾರಧನವು ಸಲ್ಲಬೇಕೆಂದು ಅವರು ತಿದ್ದುಪಡಿಯನ್ನು ಮಂಡಿಸಿದರು. ಅಧ್ಯಕ್ಷ ಬುಷ್ ಅವರ ಸರ್ಕಾರವು ಅದನ್ನು ಬಲವಾಗಿ ವಿರೋಧಿಸಿತು. 1990ರ ಮಾರ್ಚಿ 29ರಂದು ತಿದ್ದುಪಡಿಯ ಪರವಾಗಿ 49 ಮತಗಳೂ ವಿರುದ್ಧವಾಗಿ 50 ಮತಗಳೂ ಬಂದುವು. ಏಪ್ರಿಲ್ 3ರಂದು ಮೂಲ ಮಸೂದೆಯು 89 ಮತಗಳಿಂದ ಅಂಗೀಕೃತವಾಯಿತು. ವಿರೋಧಿಸಿದ 11 ಮಂದಿಯಲ್ಲಿ ಬರ್ಡರೂ ಒಬ್ಬರು.

ಈ ಎರಡು ಮತಗಣನೆಗಳನ್ನು ಹೋಲಿಸಿದರೆ ವಿಷಯವು ವಿಶದವಾಗುವುದು. ಮಸೂದೆ ಬೇಡವೆಂದವರು ಹನ್ನೊಂದೇ ಮಂದಿ. ಭಾರವನ್ನು ಹಂಚಿಕೊಳ್ಳಬೇಕೆಂದವರು ಸಭೆಯ ಹೆಚ್ಚುಕಡಮೆ ಅರ್ಧದಷ್ಟು. ಆ ವಾದವು ಸೋತರೂ ನಿಷ್ಫಲವಾಗಲಿಲ್ಲ. ಅದೇ ವರ್ಷದ ನವೆಂಬರ್ 15ರಂದು ಅಂಕಿತವಾದ ಕಾಯಿದೆಯಲ್ಲಿ, ಕೆಲಸ ಕಳೆದುಕೊಂಡವರ ಶಿಕ್ಷಣ ಮತ್ತು ಸಹಾಯಗಳಿಗೆ 25 ಕೋಟಿ ಡಾಲರುಗಳ ಏರ್ಪಾಡೊಂದು ಸೇರಿತು.

ಬರ್ಡರು 2010ರಲ್ಲಿ ತೀರಿಕೊಂಡರು. ಅದಕ್ಕೆ ಕೆಲವೇ ತಿಂಗಳುಗಳ ಮುಂಚೆ, 2009ರ ಡಿಸೆಂಬರಿನಲ್ಲಿ, ಹವಾಮಾನ ವ್ಯತ್ಯಯದ ಶಾಸ್ತ್ರವನ್ನು ಅಲ್ಲಗಳೆಯದೆ ಶಾಸನರಚನೆಯಲ್ಲಿ ಪಾಲುಗೊಳ್ಳಬೇಕೆಂದು ಅವರು ಕಲ್ಲಿದ್ದಲಿನ ಉದ್ಯಮಕ್ಕೆ ಬುದ್ಧಿ ಹೇಳಿದರು. ಬಾಗಿಲನ್ನು ಮುಚ್ಚಿದ್ದಾಗ ದೊರೆಯದ ಪರಿಹಾರವು, ಒಳಗೆ ಕುಳಿತು ವಾದಿಸಿದಾಗ ಅಲ್ಪಸ್ವಲ್ಪವಾದರೂ ದೊರೆತುದನ್ನು ಅವರು ಕಣ್ಣಾರೆ ಕಂಡಿದ್ದರಷ್ಟೆ.