ಕರ್ಪೂರ ಮೂಸಿದರೆ ಆಕ್ಸಿಜನ್ ಏರುತ್ತದೆಯೇ? ಹಂಪ್ತಾ ಪಾಸ್, ಚಂದ್ರತಾಲ್ ಟ್ರೆಕ್‌ಗೆ ಹೊರಡುವ ಮುನ್ನ ಓದಿ

"ಮನಾಲಿ ಕಡೆ ಟ್ರೆಕ್‌ಗೆ ಹೋಗುವವರು ಜೇಬಿನಲ್ಲಿ ಕರ್ಪೂರ ಇಟ್ಟುಕೊಳ್ಳಿ. ಮೂಸಿದರೆ ಆಕ್ಸಿಜನ್ ತಕ್ಷಣ ಏರುತ್ತದೆ. ಬೆಳ್ಳುಳ್ಳಿ ಅಗಿದರೆ ತಲೆನೋವು ಬರಲ್ಲ. ದಿನಕ್ಕೆ ಐದು ಲೀಟರ್ ನೀರು ಕುಡಿದರೆ ಏನೂ ಆಗಲ್ಲ. ಎಲ್ಲರಿಗೂ ಕಳಿಸಿ."

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಇಂಥ ಸಂದೇಶಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡಲು ಶುರುವಾಗುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಎತ್ತರದ ಜಾಗದಲ್ಲಿ ನಿಮ್ಮನ್ನು ಕಾಪಾಡುವ ಮುಖ್ಯ ಸಂಗತಿಯೇ ಇವುಗಳಲ್ಲಿ ಇರುವುದಿಲ್ಲ: ಯಾವ ರಾತ್ರಿ, ಎಷ್ಟು ಎತ್ತರದಲ್ಲಿ ಮಲಗುತ್ತೀರಿ? ಇದನ್ನು ಅರ್ಥ ಮಾಡಿಕೊಳ್ಳಲು ನಾವು ಕನ್ನಡಿಗರು ಹೆಚ್ಚಾಗಿ ಹೋಗುವ ಒಂದು ಟ್ರೆಕ್ಕನ್ನೇ ತೆಗೆದುಕೊಳ್ಳೋಣ. ಅದು ಹಿಮಾಚಲ ಪ್ರದೇಶದ ಹಂಪ್ತಾ ಪಾಸ್. ಜೊತೆಗೆ ಚಂದ್ರತಾಲ್ ಸರೋವರ.

ಎತ್ತರದಲ್ಲಿ ಆಕ್ಸಿಜನ್ ಕಡಿಮೆ ಇರುತ್ತದೆಯೇ?

ಗಾಳಿಯಲ್ಲಿ ಆಕ್ಸಿಜನ್ ಪಾಲು ಬೆಂಗಳೂರಿನಲ್ಲೂ ಸುಮಾರು ಶೇ. 21, ಹಿಮಾಲಯದಲ್ಲೂ ಅಷ್ಟೇ. ಬದಲಾಗುವುದು ಗಾಳಿಯ ಒತ್ತಡ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಸುಮಾರು 4,300 ಮೀಟರ್ ಎತ್ತರದಲ್ಲಿ ಒತ್ತಡವು ಸಮುದ್ರಮಟ್ಟದಲ್ಲಿ ಇರುವುದರ ಶೇ. 60ರಷ್ಟು ಮಾತ್ರ. ಅಂದರೆ ಪ್ರತಿ ಉಸಿರಿನಲ್ಲೂ ಒಳಗೆ ಹೋಗುವ ಆಕ್ಸಿಜನ್ ಅಷ್ಟು ಕಡಿಮೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟ ಜೋರಾಗುತ್ತದೆ, ರಕ್ತದಲ್ಲಿ ಬದಲಾವಣೆಗಳಾಗುತ್ತವೆ. ಆದರೆ ಅದಕ್ಕೆ ದಿನಗಳು ಬೇಕು. ಆ ಸಮಯ ಕೊಡದೆ ಮೇಲೇರಿದರೆ ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು ಶುರುವಾಗುತ್ತದೆ. ಇದೇ 'ಎತ್ತರದ ಕಾಯಿಲೆ'. ಆಗಲೂ ನಿಲ್ಲದೆ ಮೇಲೇರಿದರೆ ಮಿದುಳಿನಲ್ಲಿ ಊತ ಬರಬಹುದು. ಶ್ವಾಸಕೋಶದಲ್ಲಿ ನೀರು ತುಂಬುವುದೂ ಉಂಟು, ಅದು ಕೆಲವೊಮ್ಮೆ ಮೊದಲು ತಲೆನೋವೂ ಇಲ್ಲದೆ ಬರುತ್ತದೆ. ಎರಡೂ ಪ್ರಾಣ ತೆಗೆಯಬಲ್ಲವು.

ಸರೋವರದ ದಂಡೆ ವಿಶ್ರಾಂತಿಯ ಜಾಗವಲ್ಲ

ಪ್ಲಾನ್ ಮಾಡುವಾಗ ನಮ್ಮಲ್ಲಿ ಹೆಚ್ಚಿನವರು ಹೀಗೆ ಯೋಚಿಸುತ್ತೇವೆ: ಪಾಸ್ ದಾಟುವುದು ಕಷ್ಟದ ದಿನ, ಸರೋವರದ ಹತ್ತಿರ ಟೆಂಟ್‌ನಲ್ಲಿ ಉಳಿಯುವುದು ಆರಾಮದ ದಿನ. ಎತ್ತರದ ಲೆಕ್ಕ ನೋಡಿದರೆ ಚಿತ್ರವೇ ಬೇರೆ. ರಾತ್ರಿ ಮಲಗುವ ಜಾಗಗಳ ಅಂದಾಜು ಎತ್ತರ ಹೀಗಿದೆ:

- ಮನಾಲಿ: 2,000 ಮೀಟರ್
- ಚಿಕಾ: 3,100 ಮೀಟರ್
- ಬಾಲು ಕಾ ಘೇರಾ: 3,600 ಮೀಟರ್
- ಶಿಯಾ ಗೋರು: 3,900 ಮೀಟರ್ (ಅಂದೇ 4,270 ಮೀಟರ್ ಎತ್ತರದ ಹಂಪ್ತಾ ಪಾಸ್ ದಾಟಿ ಇಳಿಯುತ್ತೀರಿ)
- ಛತ್ರು: 3,350 ಮೀಟರ್
- ಚಂದ್ರತಾಲ್: 4,250 ಮೀಟರ್

ಚಂದ್ರತಾಲ್ ಹೆಚ್ಚುಕಮ್ಮಿ ಪಾಸ್‌ನಷ್ಟೇ ಎತ್ತರದಲ್ಲಿದೆ. ಪಾಸ್ ಮೇಲೆ ಸ್ವಲ್ಪ ಹೊತ್ತು ನಿಂತು ಕೆಳಗಿಳಿಯುತ್ತೀರಿ, ಆದರೆ ಸರೋವರದ ಬಳಿ ಉಳಿದರೆ ಇಡೀ ರಾತ್ರಿ ಅದೇ ತೆಳು ಗಾಳಿಯಲ್ಲಿ ಕಳೆಯಬೇಕು. ನಿದ್ದೆಯಲ್ಲಿ ರಕ್ತದ ಆಕ್ಸಿಜನ್ ಇನ್ನಷ್ಟು ಇಳಿಯುತ್ತದೆ. ಹಾಗಾಗಿ ಇಡೀ ಪ್ರವಾಸದಲ್ಲಿ ದೇಹಕ್ಕೆ ಅತಿ ಕಷ್ಟದ ರಾತ್ರಿ ಅದೇ.

ಪರ್ವತ ವೈದ್ಯರು ಕೊಡುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ, ಮಲಗುವ ಎತ್ತರವನ್ನು ಒಂದು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. ಮೇಲಿನ ಪಟ್ಟಿಯಂತೆ ನಡೆದು ಹೋದವರ ದೇಹ 3,100, 3,600, 3,900 ಹೀಗೆ ಹಂತ ಹಂತವಾಗಿ ಹೊಂದಿಕೊಂಡಿರುತ್ತದೆ. ಅಂಥವರಿಗೆ ಕೊನೆಯಲ್ಲಿ ಚಂದ್ರತಾಲ್ ದೊಡ್ಡ ಜಿಗಿತವಲ್ಲ.

ಅಪಾಯ ಇರುವುದು ಇನ್ನೊಂದು ದಾರಿಯಲ್ಲಿ. 2020ರ ಅಕ್ಟೋಬರ್‌ನಲ್ಲಿ ಸುಮಾರು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲಾಹೌಲ್ ಕಡೆಗೆ ಹೋಗುವುದು ಸುಲಭವಾಗಿದೆ. ಬೆಂಗಳೂರಿನಿಂದ ದೆಹಲಿಗೆ ವಿಮಾನ, ರಾತ್ರಿ ಬಸ್ಸಿನಲ್ಲಿ ಮನಾಲಿ, ಮರುದಿನವೇ ಟ್ಯಾಕ್ಸಿಯಲ್ಲಿ ಚಂದ್ರತಾಲ್. ಒಂದೇ ದಿನದಲ್ಲಿ 2,000ದಿಂದ 4,250 ಮೀಟರ್! "ಟ್ರೆಕ್ ಮಾಡಲ್ಲ, ಬರೀ ಸರೋವರ ನೋಡಿಕೊಂಡು ಬರ್ತೀವಿ" ಎನ್ನುವ ಅಪ್ಪ ಅಮ್ಮ ಈ ಪ್ಲಾನ್‌ನಲ್ಲಿ ಟ್ರೆಕ್ ಮಾಡುವ ಮಗನಿಗಿಂತ ಹೆಚ್ಚಿನ ಅಪಾಯದಲ್ಲಿರುತ್ತಾರೆ.

ಸಂದೇಶದಲ್ಲಿರುವ ಉಪಾಯಗಳು ಎಷ್ಟು ನಿಜ?

ಕರ್ಪೂರ: ಮೂಸಿದಾಗ ಮೂಗಿನಲ್ಲಿ ತಂಪಾಗುತ್ತದೆ, ಉಸಿರು ಸರಾಗವಾದಂತೆ ಅನಿಸುತ್ತದೆ. ರಕ್ತದ ಆಕ್ಸಿಜನ್ ಏರುವುದಿಲ್ಲ. 2021ರ ಕೋವಿಡ್ ಅಲೆಯಲ್ಲೂ ಕರ್ಪೂರ, ಲವಂಗ, ಓಮದ ಗಂಟಿನ ಬಗ್ಗೆ ಇದೇ ಮಾತು ಹರಿದಾಡಿತ್ತು. ಇನ್ನು ಕರ್ಪೂರವನ್ನು ನುಂಗಿದರೆ ಅದು ವಿಷ. ಮಕ್ಕಳಿಗಂತೂ ಬಹಳ ಅಪಾಯ.

ಬೆಳ್ಳುಳ್ಳಿ: ಸಾರಿಗೆ ಹಾಕಿಕೊಂಡು ಧಾರಾಳವಾಗಿ ತಿನ್ನಿ. ಎತ್ತರದ ಕಾಯಿಲೆ ತಡೆಯುತ್ತದೆ ಎನ್ನಲು ಆಧಾರವಿಲ್ಲ.

ನೀರು: ಒಣ ಗಾಳಿಯಲ್ಲಿ ದೇಹ ಬೇಗ ನೀರು ಕಳೆದುಕೊಳ್ಳುತ್ತದೆ, ಆದ್ದರಿಂದ ಬಾಯಾರಿಕೆಗೆ ತಕ್ಕಷ್ಟು ಕುಡಿಯಬೇಕು. ಆದರೆ ನೀರು ಎತ್ತರದ ಕಾಯಿಲೆಗೆ ಮದ್ದಲ್ಲ. ಒತ್ತಾಯದಿಂದ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ಹೊಸ ತೊಂದರೆ ಬರಬಹುದು.

"ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತೆ": ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅದಕ್ಕೇ ಬೆಚ್ಚಗೆನಿಸುತ್ತದೆ. ನಿಜದಲ್ಲಿ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ನಿದ್ದೆಯಲ್ಲಿ ಉಸಿರಾಟವನ್ನೂ ಅದು ಮಂದಗೊಳಿಸುತ್ತದೆ.

"ನಾನು ದಿನಾ ಜಿಮ್‌ಗೆ ಹೋಗ್ತೀನಿ": ಫಿಟ್ ಆಗಿದ್ದರೆ ನಡಿಗೆ ಸುಲಭ, ಅಷ್ಟೇ. ಎತ್ತರದ ಕಾಯಿಲೆಯಿಂದ ಅದು ರಕ್ಷಣೆ ಕೊಡುವುದಿಲ್ಲ. ಗಟ್ಟಿಮುಟ್ಟಾದ ಹುಡುಗರು ವೇಗವಾಗಿ ಮೇಲೇರಿ, ತಲೆನೋವು ಬಂದರೂ ಹೇಳದೆ ಮುಚ್ಚಿಟ್ಟು ಅಪಾಯ ತಂದುಕೊಳ್ಳುವುದುಂಟು.

ಆಕ್ಸಿಜನ್ ಕ್ಯಾನ್: ಅಂಗಡಿಗಳಲ್ಲಿ ಸಿಗುವ ಚಿಕ್ಕ ಕ್ಯಾನ್ ಕೆಲವೇ ನಿಮಿಷಕ್ಕೆ ಖಾಲಿ. ಅದನ್ನು ನಂಬಿ ಮೇಲೆ ಉಳಿಯಬೇಡಿ.

ಹಾಗಾದರೆ ಮಾತ್ರೆ? ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ದೇಹ ಬೇಗ ಹೊಂದಿಕೊಳ್ಳಲು ನೆರವಾಗುತ್ತದೆ, ಇದಕ್ಕೆ ಒಳ್ಳೆಯ ಆಧಾರವಿದೆ. ಆದರೆ ಇದು ಎಲ್ಲರಿಗೂ ಬೇಕಿಲ್ಲ, ಎಲ್ಲರಿಗೂ ಆಗುವುದೂ ಇಲ್ಲ. ಕಿಡ್ನಿ ತೊಂದರೆ, ಸಲ್ಫಾ ಅಲರ್ಜಿ ಇದ್ದವರು ಜಾಗ್ರತೆ ವಹಿಸಬೇಕು. ಊರು ಬಿಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ, ಗ್ರೂಪ್‌ನಲ್ಲಿ ಕೇಳಬೇಡಿ.

ಹವಾಮಾನಕ್ಕೆ ಒಂದು ದಿನ ಎತ್ತಿಡಿ

2024ರ ಜೂನ್ ಮೊದಲ ವಾರ ನಮ್ಮಲ್ಲಿ ಹಲವರಿಗೆ ನೆನಪಿದೆ. ಉತ್ತರಾಖಂಡದ ಸಹಸ್ತ್ರ ತಾಲ್ ಎಂಬ ಎತ್ತರದ ಸರೋವರಕ್ಕೆ ಹೋಗಿದ್ದ ಕರ್ನಾಟಕದ ಚಾರಣಿಗರ ತಂಡ ವಾಪಸ್ ಬರುವಾಗ ಹಿಮಗಾಳಿಗೆ ಸಿಲುಕಿತು. 9 ಮಂದಿ ತೀರಿಕೊಂಡರು. ಅವರು ಹೊರಟಿದ್ದು ಚಳಿಗಾಲದಲ್ಲಲ್ಲ. 4,000 ಮೀಟರ್ ಮೇಲೆ ಜೂನ್‌ನಲ್ಲೂ ಹಿಮ ಬೀಳುತ್ತದೆ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ದೇಹದ ಶಾಖ ಬಹಳ ಬೇಗ ಇಳಿದುಹೋಗುತ್ತದೆ.

ಚಂದ್ರತಾಲ್‌ನಲ್ಲೂ 2023ರ ಜುಲೈನಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿ, ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ಕೆಲವು ದಿನ ಸಿಲುಕಿಕೊಂಡಿದ್ದರು. ಆದ್ದರಿಂದ ವಾಪಸ್ ಟಿಕೆಟ್‌ಗೆ ಮೊದಲು ಒಂದೆರಡು ದಿನ ಖಾಲಿ ಬಿಡಿ. ಸೋಮವಾರ ಆಫೀಸ್ ಇದೆ ಎಂಬ ಅವಸರವೇ ಎಷ್ಟೋ ತಂಡಗಳನ್ನು ಕೆಟ್ಟ ಹವೆಯಲ್ಲಿ ಮುಂದೆ ತಳ್ಳುತ್ತದೆ. ಮಳೆ ತಡೆಯುವ ಜಾಕೆಟ್, ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಒಂದು ಜೊತೆ ಒಣ ಬಟ್ಟೆ ಬೆನ್ನ ಚೀಲದಲ್ಲೇ ಇರಲಿ, ಕುದುರೆ ಮೇಲಿನ ಗಂಟಿನಲ್ಲಿ ಬೇಡ. ದಾರಿಯುದ್ದಕ್ಕೂ ಫೋನ್ ಸಿಗುತ್ತದೆ ಎಂದು ನಂಬಬೇಡಿ. ನಿಮ್ಮ ದಿನದ ಪಟ್ಟಿಯನ್ನು ಮನೆಯವರಿಗೆ ಕೊಟ್ಟು ಹೊರಡಿ.

ಸರೋವರದ ಬಳಿ ಇನ್ನೆರಡು ತಪ್ಪು ನಂಬಿಕೆಗಳು

"ಹಿಮದ ನೀರು, ಹಾಗೇ ಕುಡಿಯಬಹುದು": ತಿಳಿಯಾದ ನೀರೆಲ್ಲ ಶುದ್ಧವಲ್ಲ. ಆ ದಂಡೆಗಳಲ್ಲಿ ಕುರಿ, ಕುದುರೆ ಮೇಯುತ್ತವೆ. ಅಷ್ಟು ಎತ್ತರದಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಅನ್ನ ಬೇಯಲು ತಡವಾಗುವುದೂ ಅದಕ್ಕೇ. ಆದರೂ ರೋಗಾಣು ಸಾಯಲು ಅಷ್ಟು ಬಿಸಿ ಸಾಕು. ಕುದಿ ಬಂದ ಮೇಲೆ ಮೂರು ನಿಮಿಷ ಹಾಗೇ ಬಿಡಿ.

"ದಂಡೆಯಲ್ಲೇ ಟೆಂಟ್ ಹಾಕಬಹುದು": ಹಾಕುವಂತಿಲ್ಲ. ಚಂದ್ರತಾಲ್ 2005ರಿಂದ ರಾಮ್ಸರ್ ಪಟ್ಟಿಯಲ್ಲಿರುವ ಸಂರಕ್ಷಿತ ಜೌಗುಪ್ರದೇಶ. ಕ್ಯಾಂಪ್‌ಗಳು ಸರೋವರದಿಂದ ದೂರದಲ್ಲಿವೆ. ರೀಲ್ಸ್‌ಗಾಗಿ ನೀರಿಗಿಳಿಯುವುದಂತೂ ಬೇಡ. ಅಷ್ಟು ತಣ್ಣನೆಯ ನೀರು ಮೈಗೆ ತಾಕಿದ ಕೂಡಲೇ ಉಸಿರು ಎಳೆದುಕೊಂಡು, ಈಜು ಬಲ್ಲವರೂ ಮುಳುಗಬಹುದು.

ಕೊನೆಯ ಮಾತು

ಕರ್ಪೂರ, ಬೆಳ್ಳುಳ್ಳಿ, ಲೀಟರ್‌ಗಟ್ಟಲೆ ನೀರು ಎತ್ತರದ ಕಾಯಿಲೆಯನ್ನು ತಡೆಯುತ್ತವೆ ಎಂಬುದು ಸುಳ್ಳು. ಗ್ರೂಪ್‌ಗೆ ಏನಾದರೂ ಕಳಿಸಲೇಬೇಕೆಂದಿದ್ದರೆ ಇದನ್ನು ಕಳಿಸಿ:

1. ಮನಾಲಿಯಲ್ಲಿ ಎರಡು ರಾತ್ರಿ ಉಳಿಯಿರಿ. ಚಂದ್ರತಾಲ್ ಮೊದಲಲ್ಲ, ಕೊನೆಗೆ ಇರಲಿ. ಕಾರಿನಲ್ಲಿ ಹೋಗುವವರು ನಡುವೆ 3,000ದಿಂದ 3,500 ಮೀಟರ್ ಎತ್ತರದಲ್ಲಿ ಒಂದೆರಡು ರಾತ್ರಿ ಕಳೆಯಿರಿ. ಆಗಲೂ ಸರೋವರ ನೋಡಿ ಅಂದೇ ಇಳಿಯುವುದು ಒಳ್ಳೆಯದು.
2. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಇನ್ನೂ ಮೇಲೆ ಹೋಗಬೇಡಿ. ಕಡಿಮೆಯಾಗದಿದ್ದರೆ ಇಳಿಯಿರಿ.
3. ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಮಾತು ತೊದಲಿದರೆ, ಕುಳಿತಿದ್ದಾಗಲೂ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ ಕೆಳಗಿಳಿಸಿ. ಒಬ್ಬರನ್ನೇ ಕಳಿಸಬೇಡಿ.

ಪಾಸ್ ದಾಟದೆ ಅರ್ಧದಲ್ಲೇ ವಾಪಸ್ ಬಂದರೆ ನಾಚಿಕೆಪಡುವಂಥದ್ದೇನಿಲ್ಲ. ಸರೋವರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.